ಡೋರ್ ನಂಬ್ರ 2-41

"ಬಾಗಿಲಿನಿಂದ ಕೈ ತೆಗಿ!"

ನಾನು ತೆಗೆಯಲಿಲ್ಲ.

ಕುವೈತಿನ ಫರ್ವಾನಿಯಾದಲ್ಲಿ ಮೋರಿಸ್‌ನ ಹೋಟೆಲು. ಬೆಳಿಗ್ಗೆ ಹತ್ತು ಗಂಟೆ. ಗಿರಾಕಿಗಳಿಲ್ಲ. ನಾನು ಕುರ್ಚಿ ಹತ್ತಿ ನಿಂತಿದ್ದೆ. ಎದುರಿಗೆ, ಅಂದಕ್ಕೆಂದು ಗೋಡೆಗೆ ಜಡಿದ ಹಳೇ ಹಲಸಿನ ಮರದ ಬಾಗಿಲು. ದಾರಂದದ ಮೇಲೊಂದು ತಗಡು. ಅದಕ್ಕೆ ಕಂದು ಪೇಂಟ್ ಬಳಿದಿದ್ದರು. ಅದನ್ನು ನನ್ನ ಸಿವಿಲ್ ಐಡಿ ಕಾರ್ಡಿನ ಅಂಚಿನಿಂದ ಕೆರೆಯುತ್ತಿದ್ದೆ.

ಒಂದು ಅಂಕಿ ಕಂಡಿತು. ಎರಡು...

"ಕಿವಿ ಕೇಳುದಿಲ್ವಾ ನಿಂಗೆ?"

ತಿರುಗಿದೆ. ಮ್ಯಾನೇಜರ್ ಟ್ರೆವರ್. ಕೈಯಲ್ಲಿ ಮೀನು ಕೊಯ್ಯುವ ಕತ್ತಿ!

"ಒಂದು ನಿಮಿಷ ಮಾರಾಯ. ಮತ್ತೆ ಬೇಕಾದ್ರೆ ಕೊಯ್ಯಿ."

ನಾನು ರೋಹಿದಾಸ. ಇಪ್ಪತ್ತೆರಡು ವರ್ಷಗಳಿಂದ ಕುವೈತಿನಲ್ಲಿ ಊರವರ ಕಾಗದಪತ್ರಗಳ ಸಿಕ್ಕು ಬಿಡಿಸುವುದೇ ನನ್ನ ಕೆಲಸ. ವೀಸಾ ಕೊಡುವ ಕಫೀಲ್‌ಗಳ ಬೈಗುಳ ತಿಂದಿದ್ದೇನೆ, ಪೊಲೀಸರ ಮುಂದೆ ನಿಂತಿದ್ದೇನೆ. ಆದರೆ ನಮ್ಮೂರ ಪಂಚಾಯತಿಯಷ್ಟು ನನ್ನನ್ನು ಯಾರೂ ಸುಸ್ತು ಮಾಡಿಲ್ಲ!

ಕೇಸು ಕಾರ್ಮೆಲ್ ಬಾಯಿಯದು. ಇಲ್ಲೇ ರಿಗ್ಗೈಯಲ್ಲಿ ನರ್ಸ್. ಇನ್ನೆರಡು ತಿಂಗಳಲ್ಲಿ ಅವರ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಖಲಾಸ್. ಊರಿಗೆ ಹೋಗಲೇಬೇಕು. ಊರಿನಲ್ಲಿ ಮನೆಯೇ ಇಲ್ಲ.

ಇತ್ತು. ಅವರೇ ಕೆಡವಿಸಿದರು.

ಗಲ್ಫಿನವರೆಲ್ಲ ಮಾಡುವ ತಪ್ಪು ಕೇಳಿ. ರಜೆ ಮೂವತ್ತೇ ದಿನ. ಅಷ್ಟರಲ್ಲಿ ಹಳೇ ಮನೆ ಬೀಳಬೇಕು, ಪಾದ್ರಿಗಳು ಅಡಿಗಲ್ಲನ್ನು ಆಶೀರ್ವದಿಸಬೇಕು, ವಿಮಾನ ಹತ್ತಬೇಕು. ಲೈಸೆನ್ಸ್? ಅದು ಆಮೇಲೆ! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ನೀವು ಮೊದಲು ಕೆಡವಿ ಬಾಯಿ, ಲೈಸೆನ್ಸ್ ನಾನು ಮಾಡಿಸ್ತೇನೆ" ಎಂದವನು ಊರಿನಲ್ಲಿ ಪಕ್ಕದ ಜಾಗದವನಾದ ಇದೇ ಹೋಟೆಲಿನ ಮೋರಿಸ್. ಜೆಸಿಬಿ ಕಳಿಸಿದ್ದೂ ಅವನೇ. ಬಾಗಿಲು, ಹಂಚು ಹೊತ್ತುಕೊಂಡು ಹೋದದ್ದೂ ಅವನೇ. ಮೋರಿಸ್‌ನ ಜಾಗಕ್ಕೆ ರಸ್ತೆಯಿಲ್ಲ, ಬರುವುದಿದ್ದರೆ ಬಾಯಿಯ ಜಾಗದ ಮೇಲೆಯೇ ಬರಬೇಕು. ಬಾಯಿಗೆ ಪರ್ಮಿಶನ್ ಸಿಗದಿದ್ದರೆ ಅವರು ಜಾಗವನ್ನು ಅವನಿಗೇ ಮಾರಬೇಕು. ಲೆಕ್ಕಾಚಾರ ಅರ್ಥವಾಯಿತಲ್ಲ?

ಪಂಚಾಯತಿ ಅಧಿಕಾರಿ ರಾಜೀವ್‌ಗೆ ನಾನು ಹದಿನೇಳು ಸಲ ಫೋನ್ ಮಾಡಿದ್ದೆ.

"ಅದು ಕೃಷಿ ಜಮೀನು ರೋಹಿದಾಸರೇ. ಹಳೇ ಮನೆ ಇದ್ರೆ ಮಾತ್ರ ಅದರ ಬದಲಿಗೆ ಹೊಸತು. ಇಲ್ಲಿ ಮನೆ ಎಲ್ಲುಂಟು?"

"ಕೆಡವಿದ್ದಲ್ವಾ ಸಾರ್!"

"ಇತ್ತು ಅನ್ನುದಕ್ಕೆ ಪ್ರೂಫ್?"

ತೆರಿಗೆ ರಸೀದಿಗಳಿದ್ದ ಕಪಾಟು ಮಣ್ಣಿನಡಿಗೆ ಹೋಗಿತ್ತು. ಪಂಚಾಯತಿ ರಿಜಿಸ್ಟರಿನ ಆ ಪುಟ ಗೆದ್ದಲು ತಿಂದಿತ್ತು. ಎದುರಿಗೆ ಸಿಕ್ಕಿದ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಇಂದು ಮಧ್ಯಾಹ್ನ ಪಂಚಾಯತಿಯ ಮೀಟಿಂಗ್. ಅದರಲ್ಲಿ ಅರ್ಜಿ ಬಿದ್ದರೆ ಮುಗಿಯಿತು.

ನಿನ್ನೆ ಬಾಯಿ ಈ ಹೋಟೆಲಿನ ಜಾಹೀರಾತು ನೋಡಿ ಕಿರುಚಿದರು. "ಇದು ನಮ್ಮನೆ ಬಾಗಿಲು! ಶಿಲುಬೆ ಕೆತ್ತಿದ್ದು ನನ್ನ ಅಪ್ಪ!"

ಪಂಚಾಯತಿ ಜಡಿದ ಮನೆ ನಂಬ್ರದ ತಗಡು ದಾರಂದದಲ್ಲೇ ಉಳಿದಿದ್ದರೆ ಅದೇ ಪ್ರೂಫ್. ಹಾಗಾಗಿ ಕುರ್ಚಿ ಹತ್ತಿದ್ದೆ.

ಕೊನೆಯ ಸಲ ಕೆರೆದೆ. ಪೇಂಟ್ ಉದುರಿತು. ಪಂಚಾಯತಿಯ ಹೆಸರು. ಕೆಳಗೆ ಬಾಯಿಯ ಮನೆ ನಂಬ್ರ, 2-41!

ಫೋನ್ ಎತ್ತಿ ತಗಡಿನ ಮುಂದೆ ಹಿಡಿದೆ. ಆಮೇಲೆ ಷರ್ಟಿನ ಜೇಬಿಗೆ ಇಳಿಸಿದೆ. ಟ್ರೆವರ್ ಕತ್ತಿ ಬೀಸಿದ. ನಾನು ಹಾರಿದೆ. ಕುರ್ಚಿಯನ್ನು ಅವನ ಕಾಲಿಗೆ ಒದ್ದೆ. ಅಡುಗೆಮನೆಗೆ ನುಗ್ಗಿದೆ. ಮೀನು ಗಸಿಯ ಪಾತ್ರೆ ಉರುಳಿತು. ಹಿಂಬಾಗಿಲು... ಓಣಿ... ಬಿಸಿಲು!

ಓಣಿಗೆ ಅಡ್ಡವಾಗಿ ಬಿಳೀ ಪಜೇರೋ. ಅದಕ್ಕೆ ಒರಗಿ ನಿಂತಿದ್ದ ಮೋರಿಸ್. ಟ್ರೆವರ್ ಮೊದಲೇ ಫೋನ್ ಮಾಡಿ ಕರೆಸಿದ್ದಿರಬೇಕು. ಹಿಂದಿನಿಂದ ಟ್ರೆವರ್ ಬಂದು ನನ್ನ ಕೈಗಳನ್ನು ತಿರುಚಿದ.

"ಎಂತ ರೋಹಿದಾಸ, ತಗಡಿನ ಆಸೆಯಾ?"

"ಆ ಬಾಗಿಲು ಎಲ್ಲಿಯದು ಮೋರಿಸ್ ಪೊರ್ಬುಗಳೇ?"

"ಗೊತ್ತುಂಟಲ್ಲ ನಿಂಗೆ. ಕಾರ್ಮೆಲ್‌ದೇ. ನನ್ನ ಜೆಸಿಬಿಯೇ ಕೆಡವಿದ್ದು. ಯಾರಿಗೆ ಹೇಳ್ತಿ? ನಾನು ಒಂದು ಮಾತು ಹೇಳಿದ್ರೆ ನಾಡಿದ್ದು ನೀನು ಊರಿಗೆ ಹೋಗುವ ವಿಮಾನದಲ್ಲಿ ಇರ್ತಿ. ಫೋಟೋ ಡಿಲೀಟ್ ಮಾಡು. ಯಲ್ಲಾ, ಬೇಗ!"

ನನ್ನ ಜೇಬಿಗೆ ಕೈ ಹಾಕಿ ಫೋನ್ ಕಿತ್ತುಕೊಂಡ.

ಪರದೆಯ ಮೇಲೆ ರಾಜೀವ್‌ನ ಮುಖ! ಅಲ್ಲಿ ತೆಗೆದದ್ದು ಫೋಟೋ ಅಲ್ಲ. ಹೋಟೆಲಿಗೆ ನುಗ್ಗುವ ಮೊದಲೇ ವಿಡಿಯೋ ಕಾಲ್ ಹಾಕಿದ್ದೆ.

"ನಮಸ್ಕಾರ ಮೋರಿಸರೇ," ಎಂದ ರಾಜೀವ್. "ಹಾಗಾದ್ರೆ ಮನೆ ಇತ್ತು ಅಂತಾಯ್ತು."

ಮೋರಿಸ್ ಫೋನ್ ನೆಲಕ್ಕೆ ಬಡಿದ. ಬಡಿಯಲಿ! ಟ್ರೆವರ್‌ನ ಹಿಡಿತ ಸಡಿಲಾಯಿತು. ನಾನು ಪಜೇರೋದ ಬಾನೆಟ್ ಹತ್ತಿ ಆಚೆ ಹಾರಿದೆ. ಖೈತಾನ್‌ನ ನನ್ನ ರೂಮು ಮುಟ್ಟುವವರೆಗೂ ಹಿಂದೆ ನೋಡಲಿಲ್ಲ.

ಮಧ್ಯಾಹ್ನ ಕಾರ್ಮೆಲ್ ಬಾಯಿ ಬಂದರು. ಅವರ ಫೋನಿನಿಂದಲೇ ರಾಜೀವ್‌ಗೆ ಕಾಲ್ ಮಾಡಿದೆ. ಸ್ಪೀಕರ್ ಹಾಕಿದೆ.

"ಪಾಸಾಯ್ತು," ಎಂದ.

ಬಾಯಿ ಶಿಲುಬೆಯ ಗುರುತು ಮಾಡಿಕೊಂಡರು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ ಹೇಳಲಿ?

"ಆದ್ರೆ ರೂಲ್ಸ್ ಉಂಟು," ರಾಜೀವ್ ಮುಂದುವರಿಸಿದ. "ಬದಲಿ ಮನೆ ಅಂದ್ರೆ ಅದೇ ಜಾಗ, ಅದೇ ಅಳತೆ. ಮಹಡಿ ಇಲ್ಲ. ನೀವು ಕೊಟ್ಟ ಪ್ಲಾನ್ ಆಗುದಿಲ್ಲ."

ಬಾಯಿ ನನ್ನ ಕಡೆ ತಿರುಗಿದರು.

"ಅಂದ್ರೆ... ನಾನು ಕೆಡವಿದ ಮನೆಯನ್ನೇ ಪುನಃ ಕಟ್ಟಬೇಕಾ ರೋಹಿದಾಸಣ್ಣ?"

"ಹೌದು ಬಾಯಿ."

"ಹಾಗಾದ್ರೆ ನಂಗೆ ಅಪ್ಪನ ಬಾಗಿಲೇ ಬೇಕು."

ನಾಳೆ ಹತ್ತು ಗಂಟೆಗೆ ಮತ್ತೆ ಅದೇ ಕುರ್ಚಿ ಹತ್ತಬೇಕು. ಈ ಸಲ ಸಿವಿಲ್ ಐಡಿ ಸಾಲದು, ಸ್ಕ್ರೂಡ್ರೈವರ್ ಬೇಕು!