ಪಂಚಮಿಯ ದಿನ ಕಡಿದ ದಾರಿ

1989ರ ಆಗಸ್ಟ್ 6, ನಾಗರ ಪಂಚಮಿ. ಅಥಣಿ ತಾಲೂಕಿನ ನದಿದಂಡೆಯ ಠಾಣೆಗೆ ಮಧ್ಯಾಹ್ನ ಮಲಕವ್ವ ಬಂದಾಗ ಅವಳ ಹಿಂದೆ ಅರ್ಧ ಊರೇ ಇತ್ತು. ಸಮಾಧಾನ ಹೇಳಲು ಬಂದವರು ಒಬ್ಬರೂ ಇರಲಿಲ್ಲ.

"ನನ್ನ ಗಂಡ ಲಗಮಪ್ಪ ಹಾಳಬಾವ್ಯಾಗ ಬಿದ್ದ ಸತ್ತಾನ್ರಿ ಸಾಹೇಬ್ರ. ಹಬ್ಬದ ದಿನ ಕುಡಗೋಲ ಹಚ್ಚಿ ದಾರಿ ಕಡದಾನ, ಅದಕ್ಕ ನಾಗಪ್ಪ ಒಯ್ದಾನ ಅಂತಾರ. ಪಂಚಮಿಗೆ ಬದನಿಕಾಯಿಗೂ ಈಳಿಗಿ ತಾಗಸದ ಮನಿ ನಮ್ದು. ಜೀವಾ ಅಂತೂ ಹೋತು. ಈ ಪಾಪ ಯಾಕ ಹೊರಸ್ತಾರ್ರಿ?"

"ಕಡದದ್ದ ಕಣ್ಣಿಗೆ ಕಾಣತೈತಲ್ಲ ಬೇ," ಎಂದು ಹಿಂದಿನಿಂದ ಯಾರೋ ಅಂದರು. "ಅಂಥಾ ಹೆಣಕ್ಕ ನಾವಂತೂ ಹೆಗಲ ಕೊಡೂದಿಲ್ಲ."

ಪಿಎಸ್‌ಐ ಶ್ರೀಪಾಲ ದೂರನ್ನು ಅಸಹಜ ಸಾವೆಂದು ದಾಖಲಿಸಿಕೊಂಡ. ಅವನೂ ಇದೇ ಸೀಮೆಯ ಅಲಖನೂರಿನವನು, ಪಂಚಮಿಗೆ ಅಲಗು ಹಚ್ಚಬಾರದೆಂಬ ಕಟ್ಟನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನದಿಗೆ ಅಡ್ಡ ಕಟ್ಟಿದ ಬಾಂದಾರದ ಕೆಳಗೆ ಕೃಷ್ಣೆ ಸುಳಿ ಕಟ್ಟುತ್ತಾಳೆ. ಅಲ್ಲಿ ಅಂಬಿಗರು ಹರಗೋಲನ್ನು ದಂಡೆಗೆಳೆದು, ತಲೆಯ ಮೇಲೆ ಬೋರಲು ಹೊತ್ತು, ಕಂಟಿ ಮುತ್ತಿದ ಕಾಲುದಾರಿಯಲ್ಲಿ ನಡೆದು ಕೆಳಗಿನ ಮಡುವಿಗೆ ಇಳಿಸುತ್ತಾರೆ. ಒಬ್ಬ ಮುಂದೆ ಮುಳ್ಳು ಸವರುತ್ತಾನೆ, ಒಬ್ಬ ಹೊರುತ್ತಾನೆ. ಹೊತ್ತವನಿಗೆ ಮುಂದಿನವನ ಹಿಮ್ಮಡಿಯಷ್ಟೇ ಲೋಕ.

ಪಂಚನಾಮೆಗೆ ಪಂಚರಾಗಲು ಯಾರೂ ಒಪ್ಪಲಿಲ್ಲ. ಕಾನ್‌ಸ್ಟೆಬಲ್ ಅಪ್ಪಾಸಾಬ ಇಬ್ಬರನ್ನು ಗದರಿಸಿ ಕರೆತಂದ. ದಿನಾ ಸವರಿದರೂ ಹಳೆಯ ದಾರಿಗೆ ಮಳೆಯ ಕಂಟಿ ಮತ್ತೆ ಚಾಚಿಕೊಂಡಿತ್ತು. ಅದರಿಂದ ಕವಲೊಡೆದ ಹೊಸ ದಾರಿಯೊಂದು ಹಸನಾಗಿ ಕಟ್ಟೆಯಿಲ್ಲದ ಹಾಳುಬಾವಿಯ ಬಾಯಿಗೇ ಹೋಗಿ ಮುಗಿದಿತ್ತು. ಕಡಿದ ಕಳ್ಳಿಯ ಬುಡದಲ್ಲಿ ಹಾಲು ಇನ್ನೂ ಅಂಟಂಟಾಗಿತ್ತು. ಪಂಚನಾಮೆ ಮುಗಿದಾಗ ಸಂಜೆ ನಾಲ್ಕು.

ಲಗಮಪ್ಪನ ಕಾಕಾನ ಮಗ ನಾಮದೇವ ಹರಗೋಲಿನ ಜೊತೆಗಾರ. ಶ್ರೀಪಾಲ ಅವನನ್ನು ಬಾವಿಯ ಪಕ್ಕದ ಕಲ್ಲಿನ ಮೇಲೇ ಕೂರಿಸಿದ.

"ಹರಗೋಲ ಯಾರ ಹೊತ್ತಿದ್ರು?"

"ಅಣ್ಣಾರಿ."

"ದಿನಾ ಅಂವನ ಹೊರತಿದ್ನೇನ?"

"ದಿನಾ ನಾನ್ರಿ. ಪಂಚಮಿ ಒಂದ ದಿನ ಅಂವಾ ಹೊರತಾನ. ಅವತ್ತ ಕುಡಗೋಲ ಹಿಡಿಯೂ ಹಂಗಿಲ್ಲಲ್ರಿ. ಬರೇ ಕೈಲೆ ಮುಳ್ಳ ಸರಸ್ಕೋತ ನಾ ಮುಂದ ಹೋಗತೇನ."

"ಮುಂದ ಇದ್ದಾಂವ ನೀ ಯಾಕ ಬೀಳಲಿಲ್ಲ?"

"ಇವತ್ತ ದಾರಿ ಹಸನ ಇತ್ರಿ. ಬೀಡಿ ಹಚ್ಚಾಕ ಹಿಂದ ಉಳದ್ನಿ."

"ಹಸನ ಮಾಡಿದವ್ರ ಯಾರ?"

"ಅಣ್ಣಾನ ಕಡದಾನ್ರಿ. ಮುಂಜಾನೆ."

"ಕುಡಗೋಲ ಹಿಡಿಯೂ ಹಂಗಿಲ್ಲಂತ ಈಗ ಅಂದೆಲ್ಲಲೇ."

ನಾಮದೇವ ಕಲ್ಲಿನಿಂದ ಏಳಲು ಹೋದ, ಶ್ರೀಪಾಲ ಅವನ ಹೆಗಲೊತ್ತಿ ಕೂರಿಸಿದ.

"ನಿನ್ನೆ ಕಡದಿದ್ರ ಅಣ್ಣಾನ ಕಣ್ಣಿಗೆ ಬೀಳತಿತ್ತು. ಅಂವಾ ಹರಗೋಲ ಬುಡಕ ಬರೂದು ಇವತ್ತ ಒಂದ ದಿನ. ಅದಕ್ಕ ಹಬ್ಬದ ದಿನಾನ ಕಡದಿ."

ಅಷ್ಟರಲ್ಲಿ ಅಪ್ಪಾಸಾಬ ನಾಮದೇವನ ಮನೆಯ ಸೂರಿನಿಂದ ಕುಡಗೋಲು ತಂದ. ಅದರ ಅಲಗಿಗೆ ಕಳ್ಳಿಯ ಹಾಲು ಹೆಪ್ಪುಗಟ್ಟಿತ್ತು. ಅದನ್ನು ಜಪ್ತಿ ಮಾಡಿ, ಆರು ಗಂಟೆಗೆ ನಾಮದೇವನನ್ನು ಬಂಧಿಸಿ, ಕೊಲೆಯೆಂದು ಎಫ್‌ಐಆರ್ ಬರೆದರು.

ಮರುದಿನ ಹೆಣ ಊರಿಗೆ ಬಂದಾಗ ಬೈದವರೇ ಹೆಗಲು ಕೊಡಲು ಮುಂದೆ ಬಂದರು. ಮಲಕವ್ವ ಅವರಿಗೆ ಅಡ್ಡ ನಿಂತು, "ತವರ ಮಂದಿ ಬಂದಾರ, ನೀವ್ ನಡೀರಿ," ಎಂದಳು.

ಠಾಣೆಯಲ್ಲಿ ಶ್ರೀಪಾಲ ನಾಮದೇವನನ್ನು ಒಂದೇ ಕೇಳಿದ: "ಯಾಕ?"

"ಹನ್ನೊಂದ ವರ್ಷ ಅಂವನ ಹಿಂಬಡಾ ನೋಡೇನ್ರಿ. ಮುಂದ ಬಿಡೋ ಅಂದ್ರ, 'ನೀ ದಾರಿ ತಪ್ಪಸಾಂವ ಲೇ' ಅಂತಿದ್ದ, ಮಂದಿ ಮುಂದ. ಮಂದಿ ನಗತಿದ್ರು. ಪಂಚಮಿಗೂ ಹರಗೋಲ ಒಳಗಿಂದಾನ 'ಎಡಕ್ಕ ನಡಿ, ಬಲಕ್ಕ ನಡಿ' ಅಂತ ಬೈತಿದ್ದ."

"ನಿನ್ನೆನೂ ಬೈದನೇನ?"

ನಾಮದೇವ ಬೇಡಿ ತೊಟ್ಟ ಕೈಯಿಂದಲೇ ಮುಖ ಒರೆಸಿಕೊಂಡ.

"ಇಲ್ರಿ. 'ಒಂದ ಮುಳ್ಳೂ ತಾಗವಲ್ದಲ್ಲೋ ತಮ್ಮಾ, ಇವತ್ತ ಚಲೋ ದಾರಿ ಹಿಡದಿ' ಅಂದ."