ಹಸಿರು ಸೀರೆಯ ಹೊಗಳಿಕೆ

ಅರಿಶಿಣ ಹಚ್ಚಿದ ಮುದುಕಮ್ಮನ ಬೆರಳು ಹಸಿರಾಗಿ ಬಂತು!

ರಂಗಂಪೇಟೆಯ ಆ ಮನೆಗೆ ಹೊಸ ಬಟ್ಟೆ ಬಂದರೆ ಬಿಚ್ಚುವ ಮೊದಲು ಅಂಚಿಗೆ ಒದ್ದೆ ಅರಿಶಿಣ ಮುಟ್ಟಿಸುವುದು ಅವರ ಪದ್ಧತಿ. ಸೀರೆಯ ಪಾರ್ಸೆಲ್ ಬಂದದ್ದೇ ಆ ಬೆಳಿಗ್ಗೆ. ಅದು ಮಗಳು ಭಾಗ್ಯಳ ಭಾವೀ ಅತ್ತೆ ಸುಂದ್ರಮ್ಮನಿಗೆ ಕೊಡಬೇಕಾದ ನಿಶ್ಚಿತಾರ್ಥದ ಸೀರೆ. ಹಿಂದೊಂದು ಸಂಬಂಧವನ್ನು ಸೀರೆ ಸರಿಯಿಲ್ಲವೆಂದೇ ಮುರಿದ ಹೆಂಗಸು ಆಕೆ. ಭೀಮರಾಯನಗುಡಿಯಿಂದ ಹೊರಟಿದ್ದೇವೆಂದು ಬೀಗರು ಫೋನು ಮಾಡಿ ಬಹಳ ಹೊತ್ತಾಗಿತ್ತು. ಪೇಟೆಗೆ ಓಡಲೂ ಸಮಯವಿರಲಿಲ್ಲ.

"ಯಾವ ಅಂಗಡ್ಯಾಗ ತಂದಿ ಇದನ್ನ?"

"ಫೋನಿನ್ಯಾಗ ತರಿಸೀನವ್ವ... ನಾಲ್ಕೂವರಿ ಸ್ಟಾರ್ ಇದ್ವು!" ಭಾಗ್ಯ ಫೋನು ಮುಂದೆ ಹಿಡಿದಳು.

"ಬೀಗರು ಸ್ಟಾರ್ ಉಟ್ಕೊಂಡು ಹೋಗ್ತಾರೇನ?"

"ಬರೇ ಸ್ಟಾರ್ ನೋಡಿ ಅಲ್ಲವ್ವ. ಸೀರಿ ಕೊಂಡ ಉಳಿದವರೆಲ್ಲಾ ಇಂಗ್ಲಿಷ್, ಹಿಂದ್ಯಾಗ ಹೊಗಳಿ ಬರದಿದ್ರು. ಒಬ್ಬಾಕಿ ನಮ್ಮ ಮಾತಿನ್ಯಾಗ ಬರದಿದ್ಲು. ನಮ್ಮ ಕಡಿಯಾಕಿ ನಮಗ ಸುಳ್ಳು ಹೇಳಂಗಿಲ್ಲ ಅಂತ ನಂಬಿದ್ನಿ..." ಭಾಗ್ಯ ಅಳುತ್ತಲೇ ಓದಿದಳು. "'ನಮ್ಮತ್ತಿಗಿ ಕೊಡಿಸೀನ್ರಿ. ರೇಷ್ಮಿ ಅಂದ್ರ ರೇಷ್ಮಿ! ಉಟ್ಕೊಂಡು ನನ್ನ ಕೆನ್ನಿ ಸವರಿ, ನೀ ನನ್ನ ಹೊಟ್ಟ್ಯಾಗ ಹುಟ್ಟಬೇಕಿತ್ತು ಅಂದ್ರು.'"

ಅಡುಗೆಮನೆಯ ಬಾಗಿಲಲ್ಲಿ ನಿಂತು ಸೊಸೆ ಅಂಜನಾ ಇದನ್ನೆಲ್ಲ ಕೇಳಿಸಿಕೊಂಡಳು. 'ಇವತ್ತ ಯಾರರ ಈ ಮನಿ ಮಾನ ಕಳದ್ರ ಸೀದಾ ಬಳಿಚಕ್ರದ ಬಸ್ ಹತ್ತಸ್ತೀನಿ' ಎಂದು ಅತ್ತೆ ಮುದುಕಮ್ಮ ಮುಂಜಾನೆಯೇ ಗದರಿದ್ದಳು. ಬಳಿಚಕ್ರ ಅಂಜನಾಳ ತವರು. ಆ ಮಾತು ಯಾರಿಗೆ ಹೇಳಿದ್ದೆಂದು ಬಿಡಿಸಿ ಹೇಳಬೇಕಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನಾದಿನಿಯ ಅಳು ಕೇಳಲಾಗಲಿಲ್ಲ...

"ಅದನ್ನ ಬರದಾಕಿ... ನಾನ್ರಿ ಅತ್ತಿ."

"ಏನಂದಿ?"

"ಚೆಂದ ಬರದ್ರ ಒಂದು ಕುರ್ತಾ ಕಳಸ್ತೀವಿ ಅಂತ ಆ ಸೀರಿಯವರು ಮೆಸೇಜ್ ಹಾಕಿದ್ರು. ಸೀರಿ ನಾ ಕಣ್ಲೆ ನೋಡಿಲ್ರಿ. ಭಾಗ್ಯಾನೇ ಓದ್ತಾಳಂತ ಗೊತ್ತಿದ್ರ..."

"ವೈನಿ!" ಭಾಗ್ಯ ಅತ್ತಿಗೆಯ ಮೇಲೆ ಚೀರಿದಳು. "ನನ್ನ ಬಾಳೇ ಹಾಳ ಮಾಡಿದ್ಯಲ್ಲ!"

ಮುದುಕಮ್ಮ ಸೊಸೆಯ ಹತ್ತಿರಕ್ಕೆ ಬಂದಳು. ಹೊಡೆದೇ ಬಿಡುತ್ತಾಳೆಂದು ಅಂಜನಾ ಕಣ್ಣು ಮುಚ್ಚಿಕೊಂಡಳು.

"ನೀ ಯಾವಾಗ ನನಗ ಸೀರಿ ಕೊಡಿಸಿದಿ? ನಾ ಯಾವಾಗ ನಿನ್ನ ಕೆನ್ನಿ ಸವರೀನಿ?"

"ಯಾವಾಗೂ ಇಲ್ರಿ... ಬರಿಯಾಗ ಹಂಗ ಮನಸಿಗಿ ಬಂತ್ರಿ. ಹಂಗ ಆಗಿದ್ರ ಎಷ್ಟ ಚೆಂದಿತ್ತು ಅಂತ..."

ಹೊರಗೆ ಬೀಗರ ಜೀಪಿನ ಸದ್ದು ಕೇಳಿತು. ಮುದುಕಮ್ಮ ಹಸಿರು ಸೀರೆಯನ್ನು ಬಾಚಿಕೊಂಡು ಕೋಣೆಗೆ ಹೋಗಿ ಚಿಲಕ ಹಾಕಿದಳು. ಅಷ್ಟು ಸಿಟ್ಟಿನಲ್ಲೂ ಭಾಗ್ಯ, ಬೀಗರು ಒಳಗೆ ಬರುವ ಮುನ್ನ ವೈನಿಯ ಜಾರಿದ ಸೆರಗನ್ನು ಹೆಗಲಿಗೆ ಏರಿಸಿದಳು.

ಮುದುಕಮ್ಮ ಹೊರಬಂದಾಗ ಆ ಹಸಿರು ಸೀರೆಯನ್ನು ತಾನೇ ಉಟ್ಟಿದ್ದಳು! ಕೈಯಲ್ಲಿ ಅವಳ ತೀರಿಹೋದ ಅಣ್ಣ ಕೊನೆಯ ನಾಗರ ಪಂಚಮಿಗೆ ಕೊಡಿಸಿದ್ದ, ಮಡಿಕೆ ಬಿಚ್ಚದ ರೇಷ್ಮೆ ಸೀರೆ ಇತ್ತು. ಅದನ್ನೇ ಸುಂದ್ರಮ್ಮನ ಉಡಿಗೆ ಹಾಕಿದಳು.

ಸುಂದ್ರಮ್ಮ ಜರಿಯನ್ನು ಉಗುರಿನಿಂದ ಕೆರೆದು ನೋಡಿದಳು. ತಪ್ಪೇನೂ ಸಿಗಲಿಲ್ಲ. ಆಮೇಲೆ ಅವಳ ಕಣ್ಣು ಮುದುಕಮ್ಮನ ಮೇಲೆ ಬಿತ್ತು. ಸೆಕೆಗೆ ಬೆವರಿದ ಕುತ್ತಿಗೆಯ ಮೇಲೆ ಬಣ್ಣ ಇಳಿಯುತ್ತಿತ್ತು.

"ಎಂಥಾ ಸೀರಿ ಉಟ್ಟೀರ್ರಿ ಬೀಗತಿ? ಗಿಣಿ ಆಗೀರಲ್ಲ!"

ಬಂದವರೆಲ್ಲ ಗೊಳ್ಳೆಂದು ನಕ್ಕರು. ಚಹಾದ ತಟ್ಟೆ ಹಿಡಿದು ಬಂದ ಅಂಜನಾ ಬಾಗಿಲಲ್ಲೇ ನಿಂತುಬಿಟ್ಟಳು. ಮುದುಕಮ್ಮ ಎದ್ದು ಬಂದು ತಟ್ಟೆಯ ಇನ್ನೊಂದು ತುದಿ ಹಿಡಿದಳು.

"ನಮ್ಮ ಸೊಸಿ ಕೊಡಿಸ್ಯಾಳ್ರಿ. ಬಣ್ಣ ಹೋದ್ರ ಹೋಗ್ಲಿ. ಸೊಸಿ ಎಲ್ಲಿಗೂ ಹೋಗಂಗಿಲ್ಲ."

ನಗು ನಿಂತಿತು. ಅಂಜನಾಳ ಕಣ್ಣೀರು ಚಹಾದಲ್ಲಿ ಬಿತ್ತು. ಅದನ್ನು ಯಾರೂ ನೋಡಲಿಲ್ಲ.

ಸುಂದ್ರಮ್ಮ ಭಾಗ್ಯಳ ಗಲ್ಲ ಎತ್ತಿ, ಜರಿಯನ್ನು ನೋಡಿದಂತೆಯೇ ಅವಳ ಮುಖವನ್ನೂ ನೋಡಿ, ಕುಂಕುಮ ಇಟ್ಟಳು. ಆ ಉಗುರು ಹಣೆಗೆ ತಾಗಿದಾಗ ಭಾಗ್ಯ ಬಾಗಿಲ ಕಡೆ ನೋಡಿದಳು. ಅವ್ವ, ವೈನಿ ಇಬ್ಬರೂ ಒಂದೇ ತಟ್ಟೆ ಹಿಡಿದು ಒಳಗೆ ಹೋಗುತ್ತಿದ್ದರು...