ಓರಿಯಾ ಡಬ್ಬಿಯಲ್ಲಿ ಒಣಕೊಬ್ಬರಿ

ಡಬ್ಬಿ ತೆರೆದರೆ ಒಳಗೆ ಒಣಕೊಬ್ಬರಿ!

ಫೋನಿನ ಡಬ್ಬಿಯಲ್ಲಿ ಕೊಬ್ಬರಿ! ಅದೂ ಎಂಥ ಫೋನು? ಓರಿಯಾ ಕಂಪನಿಯ ಹೊಚ್ಚಹೊಸದು, ಅಂದೇ ಬೆಳಿಗ್ಗೆ ದೇಶಕ್ಕೆಲ್ಲ ಮಾರಾಟಕ್ಕೆ ಬಿಟ್ಟದ್ದು. ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಿ ಚನ್ನೇಶ್ ಮೊಬೈಲ್ಸ್ ಮುಂದೆ ಶಾಮಿಯಾನ ಹಾಕಿದ್ದರು. ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿ, ಈಡುಗಾಯಿ ಒಡೆದು, ಮಾಲೀಕ ಚನ್ನೇಶ್ ನೂರಾರು ಜನರ ಎದುರಿಗೇ ಪ್ಲಾಸ್ಟಿಕ್ ಹೊದಿಕೆ ಸೀಳಿದ. ಮುಚ್ಚಳ ಎತ್ತಿದ. ಅಲ್ಲಿಗೆ ಅವನ ಮುಖ ಬಿಳಿಚಿತು.

ಕೊಬ್ಬರಿ ಮಂಡಿಯ ಕೆಂಚಪ್ಪ, ಮೊದಲ ಫೋನಿಗೆ ಹೆಸರು ಬರೆಸಿದವನು, ಗಟ್ಟಿಯಾಗಿ ಕೇಳಿದ: "ಏನ್ಲಾ ಚನ್ನೇಶ, ಚಾರ್ಜರ್ ಕೊಡಾಕಿಲ್ಲ ಅಂದಿದ್ರು. ಈಗ ಫೋನೂ ಕೊಡಾಕಿಲ್ವಾ?"

ಜನ ಗೊಳ್ಳೆಂದರು. ಚನ್ನೇಶ್‌ಗೆ ಅವಮಾನ ನೆತ್ತಿಗೇರಿತು. ಕೌಂಟರಿನ ಹಿಂದೆ ನಿಂತಿದ್ದ ಸಿರಿಯತ್ತ ತಿರುಗಿದ. ಅಂಗಡಿಯ ಉಸ್ತುವಾರಿ ಅವಳದೇ, ಡಬ್ಬಿ ಇಟ್ಟಿದ್ದ ಗಾಜಿನ ಬೀರುವಿನ ಬೀಗದಕೈಯೂ ಅವಳ ಹತ್ತಿರವೇ.

"ಬೀಗದಕೈ ನಿನ್ನ ಹತ್ರ ಇತ್ತು. ಫೋನೆಲ್ಲಿ? ತೆಗಿ ಬ್ಯಾಗು!"

ಅಷ್ಟು ಜನರ ಮುಂದೆ ಅವಳ ಕೈಚೀಲ ಕಿತ್ತುಕೊಂಡು ಮೇಜಿನ ಮೇಲೆ ಸುರಿದ. ಊಟದ ಡಬ್ಬಿ, ಬಾಚಣಿಗೆ, ಮಗಳ ಕೆಮ್ಮಿನ ಔಷಧಿ. ಫೋನಿಲ್ಲ. ಗುಂಪಿನಲ್ಲಿದ್ದ ಅವಳ ಅತ್ತೆ ಲಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಪೊಲೀಸರಿಗೆ ಫೋನ್ ಮಾಡ್ತೀನಿ," ಎಂದ ಚನ್ನೇಶ್.

"ಮಾಡಿ. ಆದ್ರೆ ಮೊದ್ಲು ಆ ಹುಡುಗಿ ಸಾಮಾನು ಅವಳ ಚೀಲಕ್ಕೆ ತುಂಬಿ," ಎಂದಿತು ನನ್ನ ಪಕ್ಕದ ದನಿ.

ನನ್ನ ಹೆಂಡತಿ ಆಂಡಾಳ್! ಇನ್ನು ನಮ್ಮ ಮನೆಯಲ್ಲಿ ಅವತ್ತು ಅಡುಗೆ ಇಲ್ಲ ಎಂದುಕೊಂಡೆ. ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು ಅವಳು. ಟಿಕೆಟ್ ಇಲ್ಲದವನನ್ನು ಅವನು ಕೊಡುವ ಕಾರಣದಿಂದಲ್ಲ, ಕೇಳದೆಯೇ ಆಡುವ ಮಾತಿನಿಂದ ಹಿಡಿಯುತ್ತಿದ್ದೆ ಎಂದು ಜಂಬ ಕೊಚ್ಚುತ್ತಾಳೆ. ನಾನು ಅನಂತಸ್ವಾಮಿ, ಬ್ಯಾಂಕಿನ ಮಾಜಿ ಗುಮಾಸ್ತ, ಓರಿಯಾ ಕಂಪನಿಯ ಪರಮಭಕ್ತ. ಅವಳ ಪ್ರಕಾರ ನನಗೆ ಬರುವುದು ಭಕ್ತಿ ಒಂದೇ.

ಚನ್ನೇಶ್ ಅವಳನ್ನು ಬಲ್ಲ. "ಆಂಡಾಳಮ್ಮ, ಮಧ್ಯಾಹ್ನ ಕಂಪನಿ ಆಫೀಸರ್ ಬರ್ತಾರೆ. ಅಷ್ಟರೊಳಗೆ ಸಿಕ್ಕಿದ್ರೆ ಸರಿ. ಇಲ್ದಿದ್ರೆ ನನ್ನ ಡೀಲರ್‌ಶಿಪ್ ಹೋಯ್ತು, ಇವಳು ಸ್ಟೇಷನ್ನಿಗೆ ಹೋದ್ಲು!"

ಅಂಗಡಿಯ ಷಟರ್ ಅರ್ಧ ಇಳಿಯಿತು. ಒಳಗೆ ಉಳಿದವರು ಚನ್ನೇಶ್, ಸಿರಿ, ರಿಪೇರಿ ಮಾಡುವ ದೀಪಕ್, ಕೆಂಚಪ್ಪ, ಸಮಾರಂಭದ ವಿಡಿಯೊ ತೆಗೆಯಲು ಬಂದಿದ್ದ ಬೇಲೂರಿನ ಸ್ಟುಡಿಯೊದ ವೇದಾಂತ್ — ಮತ್ತು ನಾವಿಬ್ಬರು.

ಆಂಡಾಳ್ ಡಬ್ಬಿಯನ್ನು ಮೂಸಿದಳು. ಹರಿದ ಹೊದಿಕೆಯನ್ನು ಬೆಳಕಿಗೆ ಹಿಡಿದಳು. "ಕಂಪನಿ ಹಾಕಿದ್ದಲ್ಲ ಇದು. ಬಿಚ್ಚಿ, ಬೇರೆ ಹೊದಿಕೆ ಹಾಕಿ, ಬಿಸಿಗಾಳಿ ಬಿಟ್ಟು ಕೂರಿಸಿದಾರೆ. ನೋಡಿ ಈ ಸುಕ್ಕು."

ಎಲ್ಲರ ಕಣ್ಣೂ ದೀಪಕ್‌ನ ಮೇಜಿನ ಕಡೆ ಹೊರಳಿತು. ರಿಪೇರಿಯ ಬಿಸಿಗಾಳಿ ಯಂತ್ರ ಅಲ್ಲೇ ಇತ್ತು! ದೀಪಕ್ ಕೆಂಪಗಾದ.

"ಸಿರಿ, ಬೀರುವಿನಿಂದ ಡಬ್ಬಿ ಎಷ್ಟು ಸಲ ಹೊರಗೆ ಬಂತು?"

"ಒಂದೇ ಸಲ ಮೇಡಂ. ಬುಧವಾರ ಜಾಹೀರಾತು ವಿಡಿಯೊಗೆ. ವೇದಾಂತ್ ಸರ್ ಹಿಂದಿನ ರೂಮಲ್ಲಿ ತೆಗೆದ್ರು. ಹೊರಗಿನ ಬೆಳಕು ಬೀಳಬಾರದು ಅಂತ ಬಾಗಿಲು ಹಾಕ್ಕೊಂಡಿದ್ರು. ನನಗೆ ಗಿರಾಕಿ ಇದ್ರು. ಆಮೇಲೆ ಅವರೇ ತಂದುಕೊಟ್ರು, ನಾನೇ ಬೀಗ ಹಾಕ್ದೆ. ತೂಕ ಹಾಗೇ ಇತ್ತು. ಆಣೆ ಮಾಡ್ತೀನಿ ಮೇಡಂ..."

ವೇದಾಂತ್ ನಕ್ಕ. "ನಾನು ಓರಿಯಾ ಕದಿಯೋದಾ? ಒಳ್ಳೇ ಕಥೆ!"

ನಗು ನ್ಯಾಯವಾದದ್ದೇ. ಓರಿಯಾವನ್ನು ಬೈಯುವುದಕ್ಕೆಂದೇ ಚಾನೆಲ್ ನಡೆಸುವವನು ಅವನು. ಬೈಯುವವನೇ ಜಾಹೀರಾತು ತೆಗೆದರೆ ಜನ ನೋಡುತ್ತಾರೆ ಎಂದು ಚನ್ನೇಶ್ ಬೇಕೆಂದೇ ಕರೆಸಿದ್ದ. ಆ ಫೋನು ಮುಟ್ಟಿದರೆ ಕೈ ತೊಳೆದುಕೊಳ್ಳುವ ಆಸಾಮಿ!

"ಕಂಪನಿಗೆ ಫೋನ್ ಎಲ್ಲಿದೆ ಅಂತ ಗೊತ್ತಾಗಲ್ವಾ?" ನಾನು ಜಾಣತನ ತೋರಿಸಿದೆ.

"ಇಂಟರ್ನೆಟ್‌ಗೆ ಬಂದ್ರೆ ಗೊತ್ತಾಗುತ್ತೆ ಸರ್. ಈಗಷ್ಟೇ ಅವರ ಸಹಾಯವಾಣಿಗೆ ಕೇಳಿದೆ, ಇನ್ನೂ ಬಂದಿಲ್ಲವಂತೆ," ಎಂದಳು ಸಿರಿ. "ಆದ್ರೆ ಇಂಟರ್ನೆಟ್ ಇಲ್ದೆ, ಖಾತೆ ತೆರೀದೇನೇ ಕ್ಯಾಮೆರಾ, ಹಾಡು ಎಲ್ಲಾ ನಡೆಯುತ್ತೆ."

ಆಂಡಾಳ್ ಕುರ್ಚಿ ಎಳೆದುಕೊಂಡು ಕೂತಳು. ಈಗ ಚೀಲ ತಡಕುತ್ತಾಳೆ, ಬುಧವಾರ ಯಾರು ಎಲ್ಲಿದ್ದರು ಎಂದು ಹಿಂಡುತ್ತಾಳೆ ಎಂದು ಕಾದೆ. ಅವಳು ಕೇಳಿದ್ದೇನು?

"ಓರಿಯಾ ಬಗ್ಗೆ ನಿಮ್ಮ ಅಭಿಪ್ರಾಯ ಏನು? ಒಬ್ಬೊಬ್ಬರಾಗಿ ಹೇಳಿ."

ನನಗೆ ರೇಗಿತು. ಮನೆಗೆ ಬೆಂಕಿ ಬಿದ್ದಾಗ ಬಾವಿಯ ನೀರಿನ ರುಚಿ ಕೇಳುತ್ತಾಳಲ್ಲ! "ಆಂಡಾಳ್, ಹೊತ್ತಾಗ್ತಿದೆ—"

"ನೀವು ಸುಮ್ನಿರಿ. ನಿಮ್ಮ ಅಭಿಪ್ರಾಯ ದಿನಾ ಕಾಫಿ ಜೊತೆ ಕುಡೀತೀನಿ. ದೀಪಕ್, ಹೇಳಪ್ಪ."

ದೀಪಕ್ ಸಿಡಿದ. "ಹೊಟ್ಟೆ ಮೇಲೆ ಹೊಡೆಯೋ ಕಂಪನಿ ಅಮ್ಮ! ಒಡೆದ ಗಾಜು ಬದಲಿಸಿದ್ರೂ ಅವರ ಸರ್ವರ್ ಒಪ್ಪಬೇಕು. ಒಂದು ಓರಿಯಾದ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿದ್ರೆ ಅದು ಕೆಲಸಾನೇ ಮಾಡಲ್ಲ. ನಾನು ಕದ್ದು ಏನು ಮಾಡ್ಲಿ? ಬಿಡಿಭಾಗ ಮಾರೋಕೂ ಆಗಲ್ಲ. ಆ ಡಬ್ಬಿಗಿಂತ ಈ ಕೊಬ್ಬರೀನೇ ವಾಸಿ!"

"ಕೆಂಚಪ್ಪನವ್ರೇ?"

"ನಂಗೆ ಅದೆಲ್ಲ ತಿಳಿಯಾಕಿಲ್ಲ ಕಣಮ್ಮ. ಹೋದ್ ಸಲದ್ದೂ ತಗಂಡೆ. ಮಂಡೀಲಿ ಮೇಜಿನ ಮ್ಯಾಲೆ ಇಟ್ರೆ ಎದುರಿನೋನು ರೇಟು ಕೇಳೋ ದನಿನೇ ಬದಲಾಯ್ತೈತೆ. ಅವ್ರು ಮಾರೋದು ಫೋನಲ್ಲ, ಗತ್ತು. ಕದ್ದ ಗತ್ತು ಮೇಜಿನ ಮ್ಯಾಲೆ ಇಡಕ್ಕಾಯ್ತದಾ?"

"ಸಿರಿ?"

ಅವಳು ಕಣ್ಣೊರೆಸಿಕೊಂಡಳು. ಮಾರಾಟದ ಮಾತು ಬಂದದ್ದೇ ದನಿ ಗಟ್ಟಿಯಾಯಿತು. "ಫೋನಿಂದ ಅವರಿಗೆ ಲಾಭ ಒಂದೇ ಸಲ ಮೇಡಂ. ಆಮೇಲೆ ವಾಚು, ಇಯರ್‌ಫೋನು, ಫೋಟೊ ಇಡೋ ಜಾಗಕ್ಕೆ ತಿಂಗಳ ಬಾಡಿಗೆ. ಒಂದು ಸಲ ಒಳಗೆ ಹೋದವರು ಹೊರಗೆ ಬರಲ್ಲ. ಈ ಸಲ ಇನ್ನೊಂದು ಉಪಾಯ. ಮಾರಾಟದ ದಿನದ ತನಕ ಒಬ್ಬರಿಗೂ ಪರೀಕ್ಷೆಗೆ ಕೊಟ್ಟಿಲ್ಲ. ಚಾನೆಲ್‌ನವರಿಗಿಲ್ಲ, ಪತ್ರಿಕೆಯವರಿಗಿಲ್ಲ. ಕುತೂಹಲಾನೇ ಅವರ ಜಾಹೀರಾತು."

"ವೇದಾಂತ್?"

ಅವನಿಗೆ ಹಬ್ಬ. "ಹಳೇ ಮದ್ಯ, ಹೊಸ ಸೀಸೆ! ಪ್ರತಿ ವರ್ಷ ಬಣ್ಣ ಬದಲಿಸಿ ಬೆಲೆ ಏರಿಸ್ತಾರೆ. ಹಿಂಭಾಗ ಕಾಯುತ್ತೆ. ಕ್ಯಾಮೆರಾ ಕ್ಯಾಮೆರಾ ಅಂತ ಬಡ್ಕೋತಾರೆ, ನುಣುಪಾದ ಕಲ್ಲುಕಂಬಕ್ಕೆ ದೀಪದ ಬೆಳಕು ಬಿದ್ರೆ ಫೋಟೊದಲ್ಲಿ ಹಸಿರು ಚುಕ್ಕಿ ಕುಣಿಯುತ್ತೆ. ಅದಕ್ಕೆ ಲಕ್ಷಗಟ್ಟಲೆ ಸುರೀಬೇಕಾ? ಜನ ಕುರಿಗಳು ಸರ್, ಕುರಿಗಳು!"

ಕುರಿ ಎಂದಾಗ ನನ್ನನ್ನೇ ನೋಡಿದ. ನಾನು ಓರಿಯಾ ಪರವಾಗಿ ಬಾಯಿ ತೆರೆಯುವಷ್ಟರಲ್ಲಿ ಆಂಡಾಳ್ ದೊಡ್ಡದಾಗಿ ತಲೆಯಾಡಿಸಿದಳು. ಅವಳ ಕಣ್ಣು ಮಿಂಚುತ್ತಿತ್ತು. ಆ ಮಿಂಚು ನನಗೆ ಗೊತ್ತು!

"ನಿಜ ಕಣಪ್ಪ, ನೀನು ಹೇಳಿದ್ದೇ ಸರಿ," ಎಂದಳು. "ಆ ಕ್ಯಾಮೆರಾ ಬರೀ ಕಸವಂತೆ. ಕತ್ತಲಲ್ಲಿ ಏನೂ ಬೀಳಲ್ಲ. ಬೇಲೂರಿನ ಗುಡಿಯ ನವರಂಗದಲ್ಲಿ ಹಿಡಿದ್ರೆ ಕಂಬದ ಮೇಲಿನ ಮದನಿಕೆ ಒಂದು ಇದ್ದಿಲ ಗುಡ್ಡೆ ಹಾಗೆ ಕಾಣ್ತಾಳಂತೆ. ಇಪ್ಪತ್ತು ವರ್ಷದ ಹಿಂದಿನ ಡಬ್ಬಾ ಫೋನೇ ಮೇಲು!"

"ಹಾಗೇನಿಲ್ಲ," ಎಂದ ವೇದಾಂತ್.

"ಇದೆಯಪ್ಪ. ಮುಖ ಇರ್ಲಿ, ಕೈಯೂ ಕಾಣಲ್ವಂತೆ."

"ಯಾರ್ರೀ ಹೇಳಿದ್ದು?"

"ಎಲ್ಲರೂ ಹೇಳ್ತಾರೆ. ಅದರಲ್ಲಿ ಶಿಲ್ಪ ತೆಗೆಯೋನು ಫೋಟೊಗ್ರಾಫರೇ ಅಲ್ಲವಂತೆ."

"ಸುಳ್ಳು!" ವೇದಾಂತ್ ಎದ್ದೇ ನಿಂತ. "ದೀಪ ಇಲ್ದೇನೂ ಬೀಳುತ್ತೆ! ಮದನಿಕೆಯ ಬಳೆಗೂ ಮಣಿಕಟ್ಟಿಗೂ ನಡುವೆ ಇರೋ ಸಂದು ಕೂಡ ಬೀಳುತ್ತೆ! ನನ್ನ ದೊಡ್ಡ ಕ್ಯಾಮೆರಾದಲ್ಲಿ ಇಷ್ಟು ವರ್ಷ ಒದ್ದಾಡಿದ್ರೂ ಬಂದಿರಲಿಲ್ಲ—"

ತಟ್ಟನೆ ಮಾತು ನಿಲ್ಲಿಸಿ ಕ್ಯಾಮೆರಾ ಚೀಲವನ್ನು ಕಾಲ ಹತ್ತಿರಕ್ಕೆ ಎಳೆದುಕೊಂಡ.

"ಯಾವಾಗ ತೆಗೆದೆಯಪ್ಪ?" ಆಂಡಾಳ್ ಮೆಲ್ಲಗೆ ಕೇಳಿದಳು.

"ನಾನು... ಯಾವುದೋ ವಿಡಿಯೊದಲ್ಲಿ..."

"ಯಾವ ವಿಡಿಯೊ? ಇವತ್ತಿನ ತನಕ ಕಂಪನಿ ಯಾರಿಗೂ ಫೋನ್ ಕೊಟ್ಟಿಲ್ಲ. ಮಾರಾಟ ಶುರುವಾಗಿದ್ದು ಈಗ, ಇವತ್ತು ಬೆಳಿಗ್ಗೆ. ಬೆಳಿಗ್ಗೆಯಿಂದ ನೀನು ಈ ಶಾಮಿಯಾನದಡೀಲೇ ಇದೀಯ. ಅಷ್ಟರಲ್ಲಿ ಅದನ್ನ ಬೇಲೂರಿಗೆ ಒಯ್ದು ಫೋಟೊ ತೆಗೆದೋರು ಯಾರು?"

ಅವಳು ನಮ್ಮೆಲ್ಲರತ್ತ ತಿರುಗಿದಳು. "ದೀಪಕ್ ಬೈದಿದ್ದು ಹಳೇ ಓರಿಯಾಗಳನ್ನ, ಅವನ ಮೇಜಿಗೆ ಬಂದಿದ್ದನ್ನ. ಕೆಂಚಪ್ಪನವರು ಹೇಳಿದ್ದು ಹೋದ ಸಲದ್ದು. ಸಿರಿ ಹೇಳಿದ್ದು ವ್ಯಾಪಾರ. ಈ ಹೊಸ ಫೋನಿನ ಹಿಂಭಾಗ ಕಾಯುತ್ತೆ, ನುಣುಪು ಕಲ್ಲುಕಂಬದ ಮೇಲೆ ಹಸಿರು ಚುಕ್ಕಿ ಬರುತ್ತೆ ಅಂತ ಹೇಳಿದವನು ಒಬ್ಬನೇ. ಅಂಥ ಕಂಬ ಇರೋದು ಎಲ್ಲಿ? ಅವನ ಊರು ಬೇಲೂರಿನ ಗುಡಿಯಲ್ಲಿ. ಬೈಗುಳ ದಿನಾ ಕೇಳಿದ್ದೇ ಅಂತ ನೀವ್ಯಾರೂ ಕಿವಿ ಕೊಡಲಿಲ್ಲ. ಬಿಸಿಗಾಳಿ ದೀಪಕ್ ಹತ್ರ ಮಾತ್ರ ಅಲ್ಲ, ಮದುಮಗಳ ಫೋಟೊ ತೆಗೆಯೋರ ಚೀಲದಲ್ಲೂ ಕೂದಲು ಒಣಗಿಸೋ ಯಂತ್ರ ಇರುತ್ತೆ. ತೂಕ ಸರಿಹೋಗಲಿ ಅಂತ ಒಳಗೆ ಕೊಬ್ಬರಿ."

"ಆದ್ರೆ ಹೊಗಳಿಸಿದ್ದು ಯಾಕೆ?" ಎಂದೆ.

"ಬೈಯೋದು ಅವನ ಕಸುಬು ರೀ, ಅದನ್ನ ಊಹೆ ಅಂತ ತಳ್ಳಿಹಾಕಬಹುದಿತ್ತು. ಒಳ್ಳೇ ಕೆಲಸಗಾರ, ಒಳ್ಳೇ ಉಪಕರಣದ ಮೇಲೆ ಸುಳ್ಳು ಹೇಳಿದ್ರೆ ಸಹಿಸಲ್ಲ. ಅದಕ್ಕೇ ಕೆಣಕಿದೆ."

ವೇದಾಂತ್ ಕುಸಿದು ಕೂತ. ಕ್ಯಾಮೆರಾ ಚೀಲದ ಅಡಿಯಿಂದ, ಮೃದುವಾದ ಬಟ್ಟೆಯಲ್ಲಿ ಸುತ್ತಿದ್ದ ಫೋನನ್ನು ತೆಗೆದು ಮೇಜಿನ ಮೇಲಿಟ್ಟ.

"ಮಾರೋಕಲ್ಲ ಅಮ್ಮ. ಎಲ್ಲರಿಗಿಂತ ಮೊದ್ಲು ಬೈದು ವಿಡಿಯೊ ಹಾಕಬೇಕು ಅಂತ. ನಿನ್ನೆ ಇನ್ನೊಂದು ಶಾಟ್ ಬೇಕು ಅಂತ ನೆಪ ಹೇಳಿ ಬಂದು ವಾಪಸ್ ಇಡೋಣ ಅಂದ್ಕೊಂಡಿದ್ದೆ. ಆ ಬಳೆ ಫೋಟೊ ನೋಡಿದ ಮೇಲೆ... ಕೈ ಬಿಡಲಿಲ್ಲ."

"ಅಷ್ಟು ಹೊತ್ತು ಆ ಹುಡುಗಿ ಚೀಲ ಸುರೀತಿದ್ರಲ್ಲ, ಆಗ ನೀನು ಏನು ಮಾಡ್ತಿದ್ದೆ?"

ನಮಗೆಲ್ಲ ಗೊತ್ತಿತ್ತು. ಅದನ್ನು ವಿಡಿಯೊ ತೆಗೆಯುತ್ತಿದ್ದ. ನನಗೆ ಕೆಟ್ಟ ಕೋಪ ಬಂತು. ಅಲ್ಲಿಯವರೆಗೆ ಅವನ ಮೇಲೆ ಒಂದಿಷ್ಟು ಮರುಕವಿತ್ತು, ಅದೂ ಹೋಯಿತು.

ಚನ್ನೇಶ್ ಠಾಣೆಗೆ ಫೋನು ಮಾಡಿದ. ಆಮೇಲೆ ಸಿರಿಯ ಹತ್ತಿರ ಬಂದು ದನಿ ತಗ್ಗಿಸಿದ. "ತಪ್ಪಾಯ್ತು ಕಣಮ್ಮ. ಸಿಟ್ಟಲ್ಲಿ ಏನೋ ಆಗೋಯ್ತು. ಬಿಟ್ಟಾಕು."

ಸಿರಿ ಅಳಲಿಲ್ಲ. "ಇಲ್ಲಿ ಬೇಡ ಸರ್. ಹೊರಗೆ ನಮ್ಮತ್ತೆ ನಿಂತಿದಾರೆ. ಊರೇ ನಿಂತಿದೆ. ಅವರ ಮುಂದೆ ಹೇಳಿ."

ಷಟರ್ ಪೂರ್ತಿ ಮೇಲೆದ್ದಿತು. ಚನ್ನೇಶ್ ಬೆವರು ಒರೆಸಿಕೊಂಡು ಜನರ ಮುಂದೆ ನಿಂತು ಹೇಳಿದ — ಫೋನು ಸಿಕ್ಕಿತು, ಕದ್ದವನು ಬೇರೆ, ಸಿರಿಯನ್ನು ಕಳ್ಳಿ ಅಂತ ಅನುಮಾನಿಸಿ ಅವಳ ಚೀಲ ಸುರಿದದ್ದು ನನ್ನ ತಪ್ಪು. ಶಿಳ್ಳೆ ಬಿತ್ತು, ಚಪ್ಪಾಳೆ ಬಿತ್ತು. ಲಕ್ಕಮ್ಮ ಗುಂಪನ್ನು ನೂಕಿಕೊಂಡು ಬಂದರು. ಸೊಸೆಯ ಕೈ ಹಿಡಿದುಕೊಂಡು ಚನ್ನೇಶನಿಗೆ ಅಂದರು:

"ನಮ್ಮುಡುಗಿ ನಾಳೆ ಕೆಲಸಕ್ಕೆ ಬತ್ತಾಳೋ ಇಲ್ವೋ, ಅದು ಅವಳಿಷ್ಟ. ನೀ ಅವಳನ್ನೇ ಕೇಳ್ಕೋ."

ಚನ್ನೇಶ್ ಕೇಳಿದ. ಅಷ್ಟು ಜನರ ಮುಂದೆ, ಕೈ ಮುಗಿದು ಕೇಳಿದ.

"ನಾಳೆದು ನಾಳೆ ಹೇಳ್ತೀನಿ ಸರ್," ಎಂದಳು ಸಿರಿ. "ಇವತ್ತು ಮನೆಗೆ ಹೋಗ್ತೀನಿ." ಅತ್ತೆಯ ಜೊತೆ ಮೆಟ್ಟಿಲಿಳಿದಳು. ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು, ಅವಳು ಯಾರಿಗೂ ತಲೆ ತಗ್ಗಿಸದೆ ರಸ್ತೆಯ ನಡುವೆಯೇ ನಡೆದು ಹೋದಳು.